ಏಜೆಂಟರಾಗಿ ಮಾತ್ರ

ನಾಲ್ಕನೇ ಕಾಗದಾನೂ ಹರಿದು ಹಾಕಿದ ನಿರಂಜನ. ಯಾರದ್ದೋ ಕುತ್ತಿಗೆ ಸಿಕ್ಕಿದಂಗೆ ಹರಿದ.

ಮೈಸೂರಿನ ಎಂ.ಎ. ಇಂಗ್ಲಿಷು. ಒಂದು ಕಾಮಾ ತಪ್ಪಿದ್ರೆ ವಾರಗಟ್ಟಲೆ ನಿದ್ದೆಗೆಡೋ ಆಸಾಮಿ. ದುಬೈನ ಈ ಹಡಗು ಏಜೆನ್ಸೀಲಿ ಏಳು ವರ್ಷ ಕಾಗದ ಬರೆದೂ ಬರೆದೂ, ಸಾರಿಗೆ ಉಪ್ಪು ಕಮ್ಮಿ ಅಂತ ಹೆಂಡ್ತಿಗೆ ಹೇಳಕ್ಕೂ ಇವನಿಗೆ ಲೆಟರ್‌ಹೆಡ್ಡೇ ಬೇಕು.

ಆಚೆ ಕಡಲಲ್ಲಿ ಇವರ ಏಜೆನ್ಸಿ ನೋಡ್ಕೊಳ್ಳೋ ಒಂದು ತುಕ್ಕು ಹಡಗು ನಲವತ್ತು ದಿನದಿಂದ ನಿಂತಿತ್ತು. ಇರಾಕಿನ ಎಣ್ಣೆ ಕದ್ದು ತರ್ತಿದೆ ಅಂತ ದಿಗ್ಬಂಧನದ ಯುದ್ಧನೌಕೆಯವರು ಹಿಡಿದಿದ್ರು. ಬಾವುಟ ಒಂದು ದೇಶದ್ದು, ಮಾಲೀಕ ಇನ್ನೊಂದು ದೇಶದವನು, ಹಿಡಿದವರು ಮೂರನೇ ದೇಶದವರು, ನಿಂತ ನೀರು ನಾಲ್ಕನೇದರದ್ದು. ನಾಲ್ಕೂ ದೇಶದ ಫ್ಯಾಕ್ಸು ಹಾಸಿದ್ರೆ ಅಬುಧಾಬಿವರೆಗೂ ಕಾಲಿಗೆ ಮಣ್ಣು ಸೋಕದಂಗೆ ನಡೀಬಹುದಿತ್ತು. ಹಡಗು ಮಾತ್ರ ಮೊಳ ಅಲ್ಲಾಡಿರಲಿಲ್ಲ.

ಅದರ ಅಡುಗೆಯವನು ಹಸನಬ್ಬ. ಕಣ್ಣು ಹಳದಿಯಾಗಿ ವಾರ ಆಯ್ತು, ಈಗ ಗುಟುಕು ನೀರೂ ದಕ್ತಿಲ್ಲ. ಅವನ ಭಾವ ಯಾಕೂಬ್, ಆಫೀಸಿನ ಕೆಳಗೆ ಚಾ ಅಂಗಡಿ ಇಟ್ಟವನು, ಬೆಳಿಗ್ಗೆಯಿಂದ ಎದುರಿಗೇ ಕೂತಿದ್ದ.

"ಒಂದು ಕಾಗದಕ್ಕೆ ಇಷ್ಟು ಹೊತ್ತಾ ಸಾರ್? ಅಷ್ಟರಲ್ಲಿ ನಾನು ಕಡಲನ್ನೇ ಕುದಿಸಿ ಚಾ ಮಾಡ್ತಿದ್ದೆ ಮಾರಾಯ್ರೆ."

"ಭಾಷೆ ಸರಿಯಿರಬೇಕು ಯಾಕೂಬ್."

"ಹಸನಬ್ಬನಿಗೆ ಭಾಷೆ ಅಲ್ಲ, ಡಾಕ್ಟ್ರು ಬೇಕಾದ್ದು."

ಯುದ್ಧನೌಕೆಯ ಅಧಿಕಾರಿ ಫೋನಲ್ಲಿ ಬೆಣ್ಣೆಯಂಗೆ ಮಾತಾಡಿದ್ದ. ಇಳಿಸಕ್ಕೆ ನಮ್ಮ ಅಡ್ಡಿ ಇಲ್ಲ, ಬಂದರಿನವರೂ ಒಪ್ಪಿದ್ದಾರೆ. ಆಸ್ಪತ್ರೆಯಿಂದ ವಾಪಸ್ ಹಡಗು ಹತ್ತೋವರೆಗೂ ಅವನಿಗೆ ಹೊಣೆ ಅಂತ ಒಬ್ಬರು ಸಹಿ ಹಾಕಿ, ಸಾಕು. ಆಫೀಸಿನ ಸಾಹೇಬ ರಜೇಲಿದ್ದ. ಸಹಿ ಅಧಿಕಾರ ನಿರಂಜನನದ್ದೇ.

ಹಸನಬ್ಬ ಓಡಿಹೋದ್ರೆ? ತನ್ನ ಕೆಲಸ, ವೀಸಾ, ಖಲಾಸ್.

ಥೂ, ಆಗಿದ್ದಾಗ್ಲಿ ಅಂತ ಸಿಟ್ಟಲ್ಲೇ ಐದನೇ ಕಾಗದ ಬರೆದ, ಸಹಿ ಹಾಕಿದ, ಫ್ಯಾಕ್ಸ್ ಕಳಿಸಿದ. ಯಾಕೂಬ್ ಎದ್ದುನಿಂತು ಅವನ ಎರಡೂ ಕೈ ಹಿಡ್ಕೊಂಡ.

ಮಧ್ಯಾಹ್ನ ಒಂದಕ್ಕೆ ಯುದ್ಧನೌಕೆಯಿಂದ ಉತ್ತರ ಬಂತು. ಸಹಿ ಕೆಳಗಿನ ಸಾಲು ತೆಗೆದು, ಎರಡು ಗಂಟೆ ಹೊಡೆಯೋದ್ರೊಳಗೆ ಕಳಿಸಿ. ಇಲ್ಲಾಂದ್ರೆ ಶುಕ್ರವಾರದ ರಜೆ ಕಳೆದು ಶನಿವಾರವೇ ದೋಣಿ.

ನಿರಂಜನ ತಾನು ಕಳಿಸಿದ್ದನ್ನ ನೋಡಿದ. ಸಹಿ ಕೆಳಗೆ, ತನ್ನದೇ ದುಂಡು ಅಕ್ಷರದಲ್ಲಿ: 'ಏಜೆಂಟರಾಗಿ ಮಾತ್ರ'. ಹಡಗು ಏಜೆಂಟರು ಎಲ್ಲಾ ಕಾಗದಕ್ಕೂ ಬರೆಯೋ ಸಾಲು. ಅಂದ್ರೆ, ಸಹಿ ನನ್ನದು, ಹೊಣೆ ನನ್ನದಲ್ಲ. ಏಳು ವರ್ಷದ ಅಭ್ಯಾಸ. ಕೈ ತಾನೇ ಬರೆದಿತ್ತು.

ಕೈಯೇನಾ?

"ಎಂತ ಬರ್ದಿದ್ದಾರೆ ಸಾರ್?"

"ನೋಡ್ತಾರಂತೆ."

"ಎಂತ ನೋಡುದು?"

"ಅವರ ರೂಲ್ಸು."

ಹೊಸ ಹಾಳೆ ತಗೊಂಡ. ದಿನಾಂಕ ಹಾಕಿದ. ಗುರುವಾರ. ಗಡಿಯಾರದ ಮುಳ್ಳು ಸಾವಿರ ಮಣ ತೂಕದ್ದಾಗಿ ಅವನ ಬೆನ್ನ ಮೇಲೇ ಸರೀತಿತ್ತು. ಒಂದೂವರೆ. ಒಂದೂ ಮುಕ್ಕಾಲು. ಪೆನ್ನು ದಿನಾಂಕದ ಮುಂದಿನ ಚುಕ್ಕೇನೇ ತೀಡ್ತಾ ತೀಡ್ತಾ ಕಾಗದಕ್ಕೆ ತೂತು ಬಿತ್ತು.

"ಆ ಫ್ಯಾಕ್ಸಲ್ಲಿ ಎರಡು ಗಂಟೆ ಅಂತ ಉಂಟಲ್ಲ ಸಾರ್? ನಂಬರ್ ಓದ್ಲಿಕ್ಕೆ ನನಗೂ ಬರ್ತದೆ."

"ನನ್ನ ವೀಸಾ ಹೋದ್ರೆ ನೀವು ಕೊಡ್ತೀರಾ?" ನಿರಂಜನ ಕಿರುಚಿದ. ಕಿರುಚಿದ ಮೇಲೆ ಗೊತ್ತಾಯ್ತು, ಏಳು ವರ್ಷದಲ್ಲಿ ಇವತ್ತೇ ಮೊದಲನೇ ಸಲ ಬಾಯಿಂದ ಒಂದು ನಿಜ ಬಿದ್ದಿದ್ದು.

ಯಾಕೂಬ್ ಮೇಜಿನ ಮೇಲಿನ ಫ್ಯಾಕ್ಸನ್ನ ಅವನ ಕಡೆ ತಳ್ಳಿದ.

"ಬೇಡ ಅಂದದ್ದು ನೀವೇ ಹಾಗಾದ್ರೆ."

"ನಾನು ಬೇಡ ಅಂದಿಲ್ಲ."

"ಹೌದು ಅಂತಲೂ ಇಲ್ಲ." ಯಾಕೂಬ್ ಚಪ್ಪಲಿ ಮೆಟ್ಟಿಕೊಂಡ. "ಆ ಯುದ್ಧದ ಹಡಗಿನವನನ್ನ ವೈರಿ ಅಂತಲಾದ್ರೂ ಬೈಲಿಕ್ಕೆ ಆಗ್ತದೆ. ನಿಮ್ಮನ್ನ ಎಂತ ಅಂತ ಬೈಯುದು ಸಾರ್?"

ಎರಡಾಯ್ತು.

ಸಂಜೆ ಮನೆಗೆ ಹೋಗಲಾರದೆ ಜುಮೈರಾ ದಂಡೇಲಿ ಕಾರು ನಿಲ್ಲಿಸಿದ. ದೂರದಲ್ಲಿ ಲಂಗರು ಹಾಕಿದ ಹಡಗುಗಳು, ಬೆರಳುಗುರಿನಷ್ಟು. ತುಕ್ಕಿನದ್ದು ಯಾವುದು, ಫಿರಂಗಿಯದ್ದು ಯಾವುದು, ಗೊತ್ತಾಗ್ತಿರಲಿಲ್ಲ. ಕಾರಿಂದ ಇಳಿದು ಕೂಗಬೇಕು ಅನ್ನಿಸ್ತು. ಯಾರ ಹೆಸರು ಹಿಡಿದು?

ಕಡಲಿನ ಉಬ್ಬರ ಏರಕ್ಕೆ ಶುರುವಾಯ್ತು. ನೀರಿನ ಸೆಳೆತಕ್ಕೆ ಹಡಗುಗಳು ಒಂದೊಂದಾಗಿ ಲಂಗರಿನ ಸುತ್ತ ತಿರುಗಿದವು. ಹಿಡಿದದ್ದು, ಸಿಕ್ಕಿಬಿದ್ದದ್ದು, ಯಾವುದಕ್ಕೂ ಸೇರದೆ ನಿಂತದ್ದು. ಆತುರವಿಲ್ಲದೆ, ಸದ್ದಿಲ್ಲದೆ, ಎಲ್ಲವೂ ದಂಡೆಗೆ ಬೆನ್ನು ಹಾಕಿ ನಿಂತವು.