ಅರ್ಜಿಯ ಐದನೇ ಸಾಲು

ಅರ್ವೆಲ್ಲಾಳ ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಅದು ಅವಳ ಗಮನಕ್ಕೆ ಬಂದದ್ದು ಮಾತ್ರ ಮೂರು ವಾರದ ಹಿಂದೆ. ಗಂಡ ಗಾರ್ಲಂಡನ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅವಳಿಗೆ ನೆನಪಿರುತ್ತಿದ್ದದ್ದು ಅವನ ಮಾತ್ರೆಗಳ ಹೊತ್ತು ಮತ್ತು ಡಯಾಲಿಸಿಸ್ಸಿನ ದಿನಗಳು, ಅಷ್ಟೇ. ವಾರಕ್ಕೆ ಮೂರು ಸಲ, ಬೆಟ್ಟದ ಮೇಲಿನ ಮನೆಯಿಂದ ಪಟ್ಟಣಕ್ಕೆ ಇಪ್ಪತ್ತೆರಡು ಮೈಲಿ. ಆ ದಾರಿಯಲ್ಲಿ ಬಸ್ಸು ಎಂಬ ಮಾತೇ ಇಲ್ಲ.

ಇಷ್ಟು ದಿನ ಬಿಟ್ಟಿದ್ದೀರಿ, ಈಗ ಹೊಸದಾಗಿಯೇ ಮಾಡಿಸಬೇಕು, ಜನನ ಪ್ರಮಾಣಪತ್ರ ತನ್ನಿ ಅಂದರು ಲೈಸೆನ್ಸಿನವರು. ಅಲ್ಲಿಯವರೆಗೆ ಗಾಡಿ ಓಡಿಸುವ ಕೆಲಸ ಚಿಕ್ಕಮ್ಮ ಒಲೀಟಾಳ ಪಾಲಿಗೆ ಬಿತ್ತು. ಚಿಕ್ಕಮ್ಮನಿಗೆ ಎಂಬತ್ತೆರಡು. ಎಡಗಣ್ಣಿಗೆ ಪೊರೆ ಬಂದಿದೆ. ಲೈಸೆನ್ಸು ಮಾತ್ರ ಇನ್ನೂ ಎರಡು ವರ್ಷ ಗಟ್ಟಿಯಾಗಿದೆ, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅವಳ ಕಣ್ಣು ಚೆನ್ನಾಗಿಯೇ ಇತ್ತು. ಹೋದ ಮಂಗಳವಾರ ಯಾರದೋ ಮನೆಯ ಅಂಚೆಪೆಟ್ಟಿಗೆಯನ್ನು ಬುಡಸಮೇತ ಕಿತ್ತು ಹಾಕಿದ್ದಳು. ಗಾರ್ಲಂಡ್ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದ.

ಇವತ್ತು ಡಯಾಲಿಸಿಸ್ ಇರಲಿಲ್ಲ. ಅರ್ವೆಲ್ಲಾ ಕೌಂಟಿ ದಾಖಲೆ ಕಚೇರಿಯ ಕೌಂಟರಿನ ಮುಂದೆ ನಿಂತು ಅರ್ಜಿ ತುಂಬಿದಳು. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ತಂದೆತಾಯಿ. ಐದನೇ ಸಾಲಿನಲ್ಲಿ, ಈ ವ್ಯಕ್ತಿಗೂ ನಿಮಗೂ ಏನು ಸಂಬಂಧ ಎಂದಿತ್ತು. "ಸ್ವತಃ ನಾನೇ" ಎಂದು ಬರೆದಳು. ಅರವತ್ತಾರು ವರ್ಷದಲ್ಲಿ ಈ ಕಾಗದ ಅವಳಿಗೆ ಬೇಕಾಗಿಯೇ ಇರಲಿಲ್ಲ. ಹದಿನಾರರಲ್ಲಿ ಶಾಲೆಯ ಚೀಟಿ ತೋರಿಸಿ ಲೈಸೆನ್ಸು ತಗೊಂಡಿದ್ದಳು. ಹದಿನೆಂಟರಲ್ಲಿ ಕಾಲುಚೀಲದ ಗಿರಣಿಗೆ ಸೇರಿದಾಗ ಅವರು ನೋಡಿದ್ದು ಅವಳ ಕೈ ಬೆರಳುಗಳನ್ನು ಮಾತ್ರ. ಮೂವರು ತಮ್ಮಂದಿರಿಗೆ ಹಿರಿಯಕ್ಕ, ಮನೆಗೆ ಬೇಗ ಸಂಬಳ ಬೇಕಿತ್ತು.

ಕೌಂಟರಿನಲ್ಲಿದ್ದವಳು ಲೆಡ್‌ಫರ್ಡರ ಮನೆಯ ಹುಡುಗಿ, ಚಾರಿಟಿ. ಅವಳ ಅಜ್ಜಿಯೂ ಅರ್ವೆಲ್ಲಾಳೂ ಗಿರಣಿಯಲ್ಲಿ ಅಕ್ಕಪಕ್ಕದ ಯಂತ್ರದವರು.

"ಐವತ್ತೆಂಟನೇ ಇಸವಿ ಅಕ್ಟೋಬರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಅಮ್ಮಾ," ಅಂದಳು ಚಾರಿಟಿ, ಪರದೆಯನ್ನು ನೋಡುತ್ತಾ. "ಮನೇಲಿ ಹುಟ್ಟಿದ್ರಾ?"

"ಇನ್ನೆಲ್ಲಿ? ಸೂಲಗಿತ್ತಿ ಹೆಸ್ಟರಜ್ಜಿ ಕೈಯಲ್ಲಿ. ನಮ್ಮ ಬೆಟ್ಟದವರೆಲ್ಲ ಅವಳ ಕೈಗೇ ಬಿದ್ದವರು."

"ತಡೀರಿ, ಇಸವಿ ಬಿಟ್ಟು ಬರೀ ಹೆಸರು ಹಾಕಿ ನೋಡ್ತೀನಿ." ಸ್ವಲ್ಪ ಹೊತ್ತಾದ ಮೇಲೆ ಅವಳ ಮುಖ ಅರಳಿತು. "ಇದೆ! ಅರ್ವೆಲ್ಲಾ ಪ್ರೆಸ್ನೆಲ್. ತಂದೆ ರೋಬಿ, ತಾಯಿ ನೆಟ್ಟಿ. ಸೂಲಗಿತ್ತಿ ಹೆಸ್ಟರ್. ಆದ್ರೆ ಐವತ್ತಾರನೇ ಇಸವಿ, ಮಾರ್ಚ್ ಒಂಬತ್ತು."

"ಎರಡು ವರ್ಷ ಹೆಚ್ಚಾಯ್ತಲ್ಲಮ್ಮ."

"ಬೆಟ್ಟದ ಕಡೆಯವರಿಗೆ ಇದು ಮಾಮೂಲು. ಹೋದ ತಿಂಗಳು ಒಬ್ರು ಎಂಬತ್ತಾಯ್ತು ಅಂತ ಊರಿಗೆಲ್ಲ ಊಟ ಹಾಕ್ಸಿ ಬಂದಿದ್ರು. ನೋಡಿದ್ರೆ ಎಪ್ಪತ್ತೊಂಬತ್ತು! ಇದು ನೀವೇ ತಾನೆ? ನೀವೇ ಅಂತ ಸಹಿ ಹಾಕಿ, ನಕಲಿಗೆ ಮೊಹರು ಒತ್ತಿ ಕೊಡ್ತೀನಿ. ಬೇರೆ ಕಡೆ ಇಸವಿ ಆಮೇಲೆ ತಿದ್ದಿಸ್ಕೊಳ್ಳಿ."

ಅರ್ವೆಲ್ಲಾಳಿಗೆ ಹೋದ ಜೀವ ಬಂದಂತಾಯಿತು. ಲೈಸೆನ್ಸಿನವರು ಐದರ ತನಕ ಇರುತ್ತಾರೆ, ನಾಳೆ ಗಾರ್ಲಂಡನನ್ನು ತಾನೇ ಕರೆದುಕೊಂಡು ಹೋಗಬಹುದು. ಪೆನ್ನು ಕೈಗೆ ತಗೊಂಡಳು. ಆಗಲೇ ಆ ಮಾರ್ಚ್ ಅಡ್ಡ ಬಂತು.

ಅವಳ ತಾಯಿ ಪ್ರತಿ ಹುಟ್ಟುಹಬ್ಬಕ್ಕೂ ಒಂದೇ ಕತೆ ಹೇಳುತ್ತಿದ್ದಳು. ಬೆಲ್ಲದ ಪಾಕಕ್ಕೆ ಇಟ್ಟ ಜೋಳದ ದಂಟಿನ ರಸ ಒಲೆಯ ಮೇಲಿತ್ತು, ನೋವು ಶುರುವಾಯಿತು, ನಿನ್ನಿಂದಾಗಿ ಒಂದು ಕೊಪ್ಪರಿಗೆ ಪಾಕ ಸೀದುಹೋಯಿತು ಅಂತ. ಇಸವಿಯನ್ನು ಜನ ಮರೆಯುತ್ತಾರೆ. ಸೀದ ಪಾಕವನ್ನು ಯಾವ ಹೆಂಗಸೂ ಮರೆಯುವುದಿಲ್ಲ. ಆ ಬೆಟ್ಟದಲ್ಲಿ ಪಾಕ ಕಾಯಿಸುವುದು ಅಕ್ಟೋಬರಿನಲ್ಲಿ. ಮಾರ್ಚಿನಲ್ಲಿ ಹೊಲದಲ್ಲಿ ಹಿಮ ಬಿಟ್ಟು ಬೇರೇನೂ ಇರುವುದಿಲ್ಲ.

"ಒಂದು ನಿಮಿಷ ಬಂದೆ," ಎಂದು ಅರ್ವೆಲ್ಲಾ ಹೊರಗೆ ನಡೆದಳು.

ಚಿಕ್ಕಮ್ಮ ಪಿಕಪ್ಪನ್ನು ಎರಡು ಗಾಡಿಗಳ ಜಾಗಕ್ಕೆ ಅಡ್ಡಡ್ಡ ನಿಲ್ಲಿಸಿ, ಕೋಲಾ ಬಾಟಲಿಯೊಳಕ್ಕೆ ಉಪ್ಪು ಹಚ್ಚಿದ ಕಡಲೆಬೀಜ ಸುರಿದುಕೊಂಡು ಕುಡಿಯುತ್ತಿದ್ದಳು.

"ಚಿಕ್ಕಮ್ಮ, ನಾನು ಹುಟ್ಟಿದ್ದು ಯಾವಾಗ?"

"ಪಾಕ ಸೀದಾಗ. ನಿಮ್ಮಮ್ಮ ಸಾಯೋ ತನಕ ಹೇಳ್ಕೊಂಡು ಅತ್ತಳಲ್ಲ."

"ಒಳಗಿನ ಪುಸ್ತಕದಲ್ಲಿ ಐವತ್ತಾರನೇ ಇಸವಿ ಮಾರ್ಚ್ ಅಂತಿದೆ. ನನ್ನ ಹೆಸರೇ. ಅಪ್ಪ ಅಮ್ಮನ ಹೆಸರೂ ಇದೆ."

ಚಿಕ್ಕಮ್ಮ ಬಾಟಲಿಯನ್ನು ಕೆಳಗಿಟ್ಟಳು.

"ಅದು ನೀನಲ್ಲ ಕಣೇ. ಅದು ಮೊದಲನೇ ಅರ್ವೆಲ್ಲಾ."

"ಯಾವ ಮೊದಲನೇದು?"

"ನಿನಗಿಂತ ಮುಂಚೆ ಒಂದಿತ್ತು. ಆರು ವಾರ ಬದುಕಿತ್ತು, ನಾಯಿಕೆಮ್ಮಲ್ಲಿ ಹೋಯ್ತು. ನನಗೆ ಆಗ ಹದಿಮೂರು, ಎತ್ತಿ ಆಡ್ಸಿದೀನಿ. ಆಗೆಲ್ಲ ಹೋದ ಮಗುವಿನ ಹೆಸರನ್ನ ಮುಂದಿನದಕ್ಕೆ ಇಡ್ತಿದ್ರು. ಅಜ್ಜಿ ಹೆಸರು ಮನೇಲಿ ಉಳೀಬೇಕಲ್ಲ."

"ಮತ್ತೆ ನನ್ನದನ್ನ ಯಾಕೆ ಬರೆಸಲಿಲ್ಲ?"

"ನಿಮ್ಮಪ್ಪನ ಬುದ್ಧಿ. ಹೆಸ್ಟರಜ್ಜಿ ಚೀಟಿ ಬರ್ದು ಕೊಟ್ಳು, ಪಟ್ಟಣಕ್ಕೆ ಹೋಗಿ ಕೊಟ್ಟು ಬಾ ಅಂದ್ಳು. 'ಅರ್ವೆಲ್ಲಾ ಪ್ರೆಸ್ನೆಲ್ ಅಂತ ಕೌಂಟಿ ಪುಸ್ತಕದಲ್ಲಿ ಆಗಲೇ ಇದೆ, ಅದನ್ನೇ ಇನ್ನೊಂದ್ಸಲ ಬರ್ಸೋಕೆ ಇಪ್ಪತ್ತೆರಡು ಮೈಲಿ ನಡೀಲಾ?' ಅಂದ. ಆ ಚೀಟೀಲಿ ಒಲೆ ಹಚ್ಚಿದ."

ಅರ್ವೆಲ್ಲಾಳಿಗೆ ನಗು ಬಂತು, ಅಪ್ಪನ ಮೇಲೆ ಸಿಟ್ಟೂ ಬಂತು. ಆಮೇಲೆ ಒಂದು ಕಲ್ಲು ನೆನಪಾಯಿತು. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಕುಟುಂಬದ ಸ್ಮಶಾನ ಗುಡಿಸಿ ಗೋರಿಗಳಿಗೆ ಹೂವಿಡುವ ದಿನ, ಅಜ್ಜಿಯ ಗೋರಿಯ ಬುಡದಲ್ಲಿದ್ದ ಒಂದು ಸಣ್ಣ ಕಲ್ಲನ್ನು ತೋರಿಸಿ ತಾಯಿ ಹೇಳುತ್ತಿದ್ದಳು: ಅದಕ್ಕೂ ಒಂದಿಡು. ಯಾರದೆಂದು ಅರ್ವೆಲ್ಲಾ ಕೇಳಿರಲಿಲ್ಲ. ಅರವತ್ತು ವರ್ಷ ಸುಮ್ಮನೆ ಇಟ್ಟುಕೊಂಡು ಬಂದಿದ್ದಳು.

"ಆ ಸಣ್ಣ ಕಲ್ಲಾ?"

"ಹೂಂ. ಅಕ್ಷರ ಕೆತ್ಸೋಕೆ ಕಾಸಿರಲಿಲ್ಲ. ಆ ವಿಷ್ಯ ಎತ್ತಿದ್ರೆ ನಿಮ್ಮಮ್ಮ ಮೂರು ದಿನ ಹಾಸಿಗೆಯಿಂದ ಏಳ್ತಿರಲಿಲ್ಲ, ಅದಕ್ಕೇ ಯಾರೂ ಎತ್ತಲಿಲ್ಲ." ಚಿಕ್ಕಮ್ಮ ಬಾಟಲಿ ಮತ್ತೆ ಕೈಗೆತ್ತಿಕೊಂಡಳು. "ಈಗ ಒಂದ್ಮಾತು ಕೇಳು. ಆ ಕಾಗದ ತಗೋ. ಸತ್ತೋಳಿಗೆ ಅದರಿಂದ ಏನಾಗ್ಬೇಕು? ಹೆಸರು ಹೇಗೂ ನಿಂದೇ. ಮಧ್ಯಾಹ್ನ ಲೈಸೆನ್ಸು ಕೈಗೆ ಬರತ್ತೆ. ನನಗೆ ಎದುರು ಬರೋ ಲಾರಿ ಒಂದೋ ಎರಡೋ ಗೊತ್ತಾಗಲ್ಲ ಕಣೇ. ನಿನ್ನ ಗಂಡನ್ನ ಆಸ್ಪತ್ರೆ ಬದಲು ಆ ಸ್ಮಶಾನಕ್ಕೇ ತಲುಪಿಸ್ತೀನಿ ನೋಡು."

ಚಿಕ್ಕಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅರ್ವೆಲ್ಲಾ ಗಾಡಿಯ ಬಾಗಿಲು ಹಿಡಿದು ನಿಂತಳು. ಮನಸ್ಸು ಆ ಕಡೆಗೇ ಎಳೆಯುತ್ತಿತ್ತು. ಒಂದು ಸಹಿ, ಅಷ್ಟೇ. ಕೇಳುವವರು ಯಾರೂ ಇಲ್ಲ.

"ಇಲ್ಲ ಚಿಕ್ಕಮ್ಮ," ಅಂದಳು ಕೊನೆಗೆ. "ಹೆಸರನ್ನ ಆಗಲೇ ನಾನು ತಗೊಂಡಾಯ್ತು. ಅವಳದು ಅಂತ ಉಳಿದಿರೋದು ಆ ಕಾಗದ ಒಂದೇ. ಅದನ್ನೂ ನಾನೇ ತಗೊಂಡ್ರೆ, ಅವಳು ಹುಟ್ಟೇ ಇಲ್ಲ ಅಂದಂಗಾಯ್ತು. ಇಳಿ ಕೆಳಗೆ, ನಾನು ಹುಟ್ಟಿದಾಗ ಮನೇಲಿದ್ದೆ ಅಂತ ಬಂದು ಪ್ರಮಾಣ ಮಾಡು."

"ಗೊಣಗೋದಕ್ಕಾದ್ರೂ ಬಿಡ್ತೀಯಾ?"

"ಒಳಗೆ ಬಂದು ಗೊಣಗು."

ಚಾರಿಟಿ ಎಲ್ಲವನ್ನೂ ಕೇಳಿಸಿಕೊಂಡು, ತಡವಾದ ನೋಂದಣಿಯ ಕಾಗದಗಳನ್ನು ತೆಗೆದಳು. ಒಂದನೇ ತರಗತಿಯ ಹಾಜರಿ ಪುಸ್ತಕದ ಪ್ರತಿ ಬೇಕು, ಚರ್ಚಿನ ದಾಖಲೆ ಬೇಕು, ಹುಟ್ಟಿದಾಗ ಮನೆಯಲ್ಲಿದ್ದವರ ಹೇಳಿಕೆ ಬೇಕು. ಎಲ್ಲ ರಾಜಧಾನಿಗೆ ಹೋಗಿ ಬರಲು ಆರು ವಾರ. ಚಿಕ್ಕಮ್ಮ ಬಲಗೈ ಎತ್ತಿ, ತಾನು ನೀರು ಕಾಯಿಸಿದ್ದಾಗಿಯೂ, ಮಗು ಕೂಗಿದ್ದನ್ನು ಕೇಳಿದ್ದಾಗಿಯೂ, ಪಾಕ ಸೀದದ್ದಾಗಿಯೂ ಪ್ರಮಾಣ ಮಾಡಿದಳು. ಪಾಕದ ವಿಷಯ ಬೇಡ ಅಂದಳು ಚಾರಿಟಿ. ಬರೆಯದಿದ್ದರೆ ಸಹಿ ಹಾಕುವುದಿಲ್ಲ ಅಂದಳು ಚಿಕ್ಕಮ್ಮ. ಚಾರಿಟಿ ಬರೆದಳು.

ಆರು ವಾರ ಅಂದರೆ ಹದಿನೆಂಟು ಸಲ ಹೋಗಿ ಬರಬೇಕು. ಚಿಕ್ಕಮ್ಮನ ಪಕ್ಕದಲ್ಲಿ ಕೂತು ಪ್ರತಿ ಲಾರಿಯನ್ನೂ ಹೇಳಿಕೊಡುವುದೊಂದೇ ದಾರಿ ಎಂದು ಅರ್ವೆಲ್ಲಾ ತೀರ್ಮಾನಿಸಿದಳು. ಗಾರ್ಲಂಡ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿರಲಿ.

"ಇನ್ನೇನಾದ್ರೂ ಬೇಕಾ ಅಮ್ಮಾ?"

"ಆ ಮಾರ್ಚಿನ ಕಾಗದದ ನಕಲು ಒಂದು ಕೊಡಮ್ಮ. ಮೊಹರು ಹಾಕಿದ್ದು."

"ಯಾವ ಕೆಲಸಕ್ಕೆ?"

"ಕೆಲಸ ಏನಿಲ್ಲ. ಮನೇಲಿರಲಿ."

"ಮನೆಯವರಿಗಾದ್ರೆ ಕೊಡಬಹುದು," ಎಂದು ಚಾರಿಟಿ ಬೆಳಗಿನ ಅರ್ಜಿಯನ್ನೇ ಮುಂದಕ್ಕೆ ತಳ್ಳಿದಳು. "ಇದನ್ನೇ ತಿದ್ದಿ ಕೊಡಿ, ಸಾಕು."

ಅರ್ವೆಲ್ಲಾ ಇಸವಿ ತಿದ್ದಿದಳು, ತಿಂಗಳು ತಿದ್ದಿದಳು. ಹೆಸರನ್ನೂ ತಂದೆತಾಯಿಯನ್ನೂ ತಿದ್ದುವ ಹಾಗಿರಲಿಲ್ಲ. ಐದನೇ ಸಾಲಿನ "ಸ್ವತಃ ನಾನೇ" ಎಂಬುದರ ಮೇಲೆ ಒಂದು ಗೆರೆ ಎಳೆದಳು. ತೊಟ್ಟಿಲು ಬಿಟ್ಟಾಗಿನಿಂದ ಅವಳು ಅಪ್ಪನ ಮನೆಗೆ ಅಕ್ಕನಾಗಿಯೇ ಇದ್ದವಳು.

ಪಕ್ಕದಲ್ಲಿ "ತಂಗಿ" ಎಂದು ಬರೆದಳು.