ಪೆಟ್ಟಿಗೆಯೊಳಗಿನ ಬೀಗ

ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಎದುರು ಮೊಳೆ, ತಿರುಪು, ಚಿಲಕ, ಬೀಗ ಮಾರುವ ಅಜಿತಪ್ರಸಾದರಿಗೆ ಒಂದು ಪದ್ಧತಿ ಇತ್ತು. ಯಾರು ಬೀಗ ಕೊಂಡರೂ ಅವರ ಕಣ್ಣೆದುರೇ ಮೂರು ಸಲ ಹಾಕಿ, ಮೂರು ಸಲ ತೆಗೆದು, ಕೀಲಿಗಳನ್ನು ಒಂದೊಂದಾಗಿ ಅವರ ಅಂಗೈಯಲ್ಲಿಟ್ಟು, "ಎರಡೇ ಇರೋದು. ಮೂರನೇದು ನನ್ನ ಹತ್ರ ಇಲ್ಲ" ಎನ್ನುವರು. ಬಸ್ಸು ಹೊರಡುತ್ತೆ ಮಾರಾಯ್ರೆ ಅಂದರೂ ಬಿಡುತ್ತಿರಲಿಲ್ಲ. ಮೂವತ್ತೈದು ವರ್ಷದಿಂದ ಹೀಗೇ. ಅಂಥ ಮನುಷ್ಯ ತನ್ನ ಸ್ವಂತ ಮನೆಯಲ್ಲಿ ಕದ್ದು ಒಂದು ಬೀಗ ಹಾಕಿ ಏಳು ವರ್ಷ ಬಾಯಿಬಿಡದೆ ಓಡಾಡಿದರು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನಾನಂತೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅವತ್ತು ಭಾನುವಾರ. ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ. ಜೈನರ ಮನೆಗಳಲ್ಲಿ ಆ ದಿನ ದೊಡ್ಡವರು ಚಿಕ್ಕವರೆನ್ನದೆ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಅಜಿತಪ್ರಸಾದರು ಬೆಳಿಗ್ಗೆ ಬಸದಿಯಲ್ಲಿ ಎಲ್ಲರಿಗೂ ಕೈಮುಗಿದರು. ಮನೆಗೆ ಬಂದು ಹೆಂಡತಿ ಚಂದ್ರಮತಿಗೂ ಮಗಳು ಅಪೂರ್ವಾಗೂ ಕೈಮುಗಿದರು. ಆಮೇಲೆ ಫೋನಿನಲ್ಲಿದ್ದ ಇನ್ನೂರ ಮೂವತ್ತು ಜನಕ್ಕೆ ಕಮಲದ ಚಿತ್ರವಿದ್ದ ಒಂದೇ ಮೆಸೇಜನ್ನು ಒಂದೇ ಸಲಕ್ಕೆ ಕಳಿಸಿ, ಮೈ ಹಗುರಾಯಿತೆಂದು ತಿಂಡಿಗೆ ಕೂತರು. "ತಿಳಿದೋ ತಿಳಿಯದೆಯೋ" ಅನ್ನುವುದು ಬಹಳ ಅನುಕೂಲದ ಮಾತು ನೋಡಿ. ತಿಳಿದು ಮಾಡಿದ್ದು ಯಾವುದು ಎಂದು ಯಾರೂ ಬಿಡಿಸಿ ಕೇಳುವುದಿಲ್ಲ.

ಅಪೂರ್ವಾ ಹೊಸನಗರದ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ವಯಸ್ಸು ಇಪ್ಪತ್ತನಾಲ್ಕು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವ ಹುಡುಗಿ, ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ ಬೇರೆಯೇ ವ್ಯಕ್ತಿ. ಸಾಗರದ ಇಬ್ಬರು, ತೀರ್ಥಹಳ್ಳಿಯ ಇಬ್ಬರು, ಇವಳು ಸೇರಿ ಐದು ಜನರ ಆನ್‌ಲೈನ್ ಆಟದ ತಂಡ. ನಾಲ್ಕು ವರ್ಷ ಆಡಿ ಆಡಿ, ಈ ಸಲ ಹುಡುಗಿಯರ ರಾಜ್ಯಮಟ್ಟದ ಸೆಮಿಫೈನಲ್ಲಿಗೆ ಬಂದಿದ್ದರು. ಪಂದ್ಯ ಮಧ್ಯಾಹ್ನ ಮೂರಕ್ಕೆ, ಅವರವರ ಮನೆಯಿಂದಲೇ. ಮೂರು ಗಂಟೆಗೆ ಐವರಲ್ಲಿ ಒಬ್ಬಳು ಒಳಗೆ ಬರದಿದ್ದರೂ ತಂಡವೇ ಹೊರಗೆ. ಅಪೂರ್ವಾ ಆ ತಂಡದ ನಾಯಕಿ.

ಆಟದ ಕಂಪನಿಯವರು ಆ ತಿಂಗಳಿಂದ ಹೊಸ ನಿಯಮ ಮಾಡಿದ್ದರು. ಮೋಸದ ಪ್ರೋಗ್ರಾಂ ಹಾಕಿಕೊಂಡು ಗೆಲ್ಲುವವರು ಹೆಚ್ಚಾಗಿದ್ದಾರೆ, ಆದ್ದರಿಂದ ಕಂಪ್ಯೂಟರ್ ಕಣ್ಣು ಬಿಡುವಾಗಲೇ ಅಂಥದ್ದನ್ನು ಬಾಗಿಲಲ್ಲಿ ತಡೆಯುವ ಸೆಕ್ಯೂರ್ ಬೂಟ್ ಎಂಬ ಕಾವಲು ಚಾಲೂ ಇರಲೇಬೇಕು, ಇಲ್ಲದಿದ್ದರೆ ಆಟ ತೆರೆಯುವುದಿಲ್ಲ ಅಂತ. ಉಳಿದ ನಾಲ್ವರು ಶನಿವಾರವೇ ಹತ್ತು ನಿಮಿಷದಲ್ಲಿ ಮಾಡಿಕೊಂಡಿದ್ದರು. ಅಪೂರ್ವಾ ಅಂಗಡಿಯ ಕೆಲಸದಲ್ಲಿ ಮುಂದೂಡಿ, ಭಾನುವಾರ ಹನ್ನೆರಡೂವರೆಗೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಡಿಲೀಟ್ ಕೀಲಿ ಒತ್ತಿ ಅದರ ಹೊಟ್ಟೆಯೊಳಗಿನ ಸೆಟ್ಟಿಂಗಿಗೆ ಹೋದಳು. ಅಲ್ಲಿ ಕಪ್ಪು ಪರದೆಯ ನಡುವೆ ಒಂದು ಖಾಲಿ ಚೌಕ ಬಂದು ಪಾಸ್‌ವರ್ಡ್ ಕೇಳಿತು.

"ಅಪ್ಪ, ಇದಕ್ಕೆ ಪಾಸ್‌ವರ್ಡ್ ಇದೆಯಲ್ಲ. ಯಾರು ಹಾಕಿದ್ದು?"

ಅಜಿತಪ್ರಸಾದರು ಪೇಪರ್ ಓದುತ್ತಿದ್ದರು. ಓದಿದ ಸಾಲನ್ನೇ ಇನ್ನೊಮ್ಮೆ ಓದಿದರು.

"ಗೊತ್ತಿಲ್ಲವಲ್ಲ ಮಗ," ಎಂದರು. ಕ್ಷಮೆ ಕೇಳಿ ಇನ್ನೂ ನಾಲ್ಕು ಗಂಟೆಯೂ ಆಗಿರಲಿಲ್ಲ.

ಗೊತ್ತಿರಲಿಲ್ಲವೇ? ಹಾಕಿದ್ದೇ ಅವರು. ಏಳು ವರ್ಷದ ಹಿಂದೆ, ಅಪೂರ್ವಾ ಎರಡನೇ ಪಿಯುಸಿಯಲ್ಲಿದ್ದಾಗ, ಪರೀಕ್ಷೆಗೆ ಎರಡೇ ತಿಂಗಳಿದ್ದರೂ ಹುಡುಗಿ ಈ ಆಟದಿಂದ ಏಳುತ್ತಿರಲಿಲ್ಲ. ಬೈದರೆ ಊಟ ಬಿಡುತ್ತಿದ್ದಳು. ಆಗ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಹರಿಪ್ರಸಾದ್ ಎಂಬವನು ಬೀಗ ಕೊಳ್ಳಲು ಬಂದವನು ಮಾತಿಗೆ ಮಾತು ಬಂದು, "ನಿಮ್ಮ ಮಗಳ ಪೆಟ್ಟಿಗೆಗೂ ಒಳಗಡೆ ಒಂದು ಬೀಗ ಇರುತ್ತೆ ಸಾರ್," ಎಂದು ಹೇಳಿಕೊಟ್ಟ. ಬೀಗವೆಂದರೆ ಅಜಿತಪ್ರಸಾದರಿಗೆ ಕುತೂಹಲ ಜಾಸ್ತಿ. ಮಗಳು ಕಾಲೇಜಿಗೆ ಹೋದಾಗ ಅವನು ಬರೆದುಕೊಟ್ಟ ಚೀಟಿ ನೋಡಿಕೊಂಡು ಒಳಗೆ ಹೋಗಿ, ಇಂಟರ್‌ನೆಟ್ ವೈರಿನ ಕಿಂಡಿಯನ್ನೇ ಬಂದ್ ಮಾಡಿ, ಮೇಲೊಂದು ಪಾಸ್‌ವರ್ಡ್ ಜಡಿದರು. ಯಾವ ಗಲಾಟೆಯೂ ಇಲ್ಲ, ಯಾವ ಬೈಗುಳವೂ ಇಲ್ಲ. ಇಂಟರ್‌ನೆಟ್ ತಾನೇ ಹಾಳಾಯಿತು, ಅಷ್ಟೆ.

ಹುಡುಗಿ ಓದಲಿಕ್ಕೆ ಕೂತಳೇ? ಕೂರಲಿಲ್ಲ. ಅವಳಿಗೆ ಆಗಲೂ ಒಂದು ಆಯ್ಕೆ ಪಂದ್ಯವಿತ್ತು, ಅದು ತಪ್ಪಿಹೋಗಿ ಎರಡು ದಿನ ಅತ್ತಳು. ಟೆಲಿಫೋನ್ ಲೈನ್‌ಮನ್ ಜಯಪ್ಪನನ್ನು ಕರೆಸಿದಳು. ಜಯಪ್ಪ ಹತ್ತು ದಿನದಲ್ಲಿ ಮೂರು ಸಲ ಬಂದ. ಮಾತು ಹೋಗುತ್ತದೆ, ಇಂಟರ್‌ನೆಟ್ ಬರುವುದಿಲ್ಲ ಎಂದರೆ ಜಾಯಿಂಟಿನಲ್ಲಿ ನೀರು ಕೂತಿರಬೇಕು ಎಂದು ಕಂಬ ಹತ್ತಿ ಬಿಚ್ಚಿ ಕಟ್ಟಿದ. ಕೆಳಗೆ ಏಣಿ ಹಿಡಿದುಕೊಂಡಿದ್ದವರು ಯಾರು ಹೇಳಿ? ಅಜಿತಪ್ರಸಾದರೇ. ಮೂರನೆಯ ಸಲವೂ ಆಗದಿದ್ದಾಗ ಅಪೂರ್ವಾ, ಲೈನ್‌ಮನ್ನಿಗೆ ಕೆಲಸ ಬರುವುದಿಲ್ಲ, ಬೇಕೆಂದೇ ಸತಾಯಿಸುತ್ತಾರೆ ಎಂದು ಮೇಲಿನವರಿಗೆ ದೂರು ಬರೆದಳು. ಫೋನು ಅಪ್ಪನ ಹೆಸರಿನಲ್ಲಿತ್ತು, ಸಹಿ ಅಪ್ಪನೇ ಹಾಕಬೇಕಿತ್ತು. ಅವರು ಕಾಗದವನ್ನು ಎರಡು ಸಲ ಓದಿದ್ದು ನಿಜ. ಓದಿ ಆದಮೇಲೆ ಸಹಿ ಹಾಕಿದ್ದೂ ನಿಜ.

ಜಯಪ್ಪನನ್ನು ಸಾಗರಕ್ಕೆ ಹಾಕಿದರು. ಅವನ ಮನೆ ಅರಳಸುರಳಿ. ನಿವೃತ್ತಿಗೆ ಒಂದೂವರೆ ವರ್ಷವಿದ್ದ ಮನುಷ್ಯ ದಿನಾ ಎರಡು ಬಸ್ಸು ಬದಲಿಸಿ ಸಾಗರಕ್ಕೆ ಹೋಗಿ ಬಂದ. ಆಮೇಲೆ ಒಂದು ಮೊಳೆಗೂ ಅವರ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಪರೀಕ್ಷೆ ಮುಗಿದ ಮರುದಿನ ಅಜಿತಪ್ರಸಾದರು ಕಿಂಡಿ ತೆರೆದರು. "ಹೊಸ ಲೈನ್‌ಮನ್ ಕೈಗುಣ ನೋಡಿ," ಎಂದು ಮಗಳು ಸಂಭ್ರಮಪಟ್ಟಳು. ಪಾಸ್‌ವರ್ಡ್ ಮಾತ್ರ ಅಲ್ಲೇ ಉಳಿಯಿತು.

ಈಗ ಅಪೂರ್ವಾ ಗೊತ್ತಿದ್ದ ಹೆಸರು, ತಾರೀಕುಗಳನ್ನೆಲ್ಲ ಒತ್ತಿ ನೋಡಿದಳು. ಮೂರು ಸಲ ತಪ್ಪಾದರೆ ಕಂಪ್ಯೂಟರ್ ಹಟ ಮಾಡಿ ನಿಲ್ಲುತ್ತಿತ್ತು. ಮತ್ತೆ ಆರಿಸಿ ಮತ್ತೆ ಹೊತ್ತಿಸಬೇಕು. ಒಂದೂಕಾಲಿಗೆ ಪೇಟೆಯಲ್ಲಿ ಈಗ ರಿಪೇರಿ ಅಂಗಡಿ ಇಟ್ಟಿರುವ ದೀಪಕನಿಗೆ ಫೋನು ಮಾಡಿ ಸ್ಪೀಕರಿನಲ್ಲಿ ಇಟ್ಟಳು.

"ಬೋರ್ಡ್ ಬಿಚ್ಚಿ ಅಳಿಸಬೋದು ಅಕ್ಕ, ಕಷ್ಟ ಏನಿಲ್ಲ. ಆದ್ರೆ ನಾನು ಹೆಗ್ಗೋಡಲ್ಲಿ ನೆಂಟರ ಮನೇಲಿದೀನಿ. ಬರೋದು ಆರು ಗಂಟೆ ಆಗುತ್ತೆ. ನೀವೇ ಕೈ ಹಾಕ್ಬೇಡಿ, ಆ ಮಾಡೆಲ್ಲು ಸ್ವಲ್ಪ ಸೂಕ್ಷ್ಮ."

"ನಂಗೆ ಮೂರಕ್ಕೆ ಬೇಕು ದೀಪಕ್."

"ಹಂಗಾದ್ರೆ ಹಾಕಿದವ್ರನ್ನೇ ಕೇಳ್ಬೇಕು ಅಕ್ಕ. ಅದು ತಾನಾಗೇ ಬರಲ್ಲ. ಯಾರೋ ಹಾಕಿದ್ರೇ ಇರೋದು."

ಆರು ಗಂಟೆಗೆ ದೀಪಕ ಬಂದು ಅಳಿಸಿಬಿಡುತ್ತಾನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಯೋಚನೆ ಅಜಿತಪ್ರಸಾದರ ತಲೆಯೊಳಗೆ ಬಂದು ಕುರ್ಚಿ ಹಾಕಿಕೊಂಡು ಕೂತಿತು. ಒಂದು ಆಟ ತಾನೇ, ಹೋದರೆ ಹೋಗಲಿ, ಮುಂದಿನ ವರ್ಷ ಆಡುತ್ತಾಳೆ. ಹಾಗಂದುಕೊಂಡು ಮಗಳ ಕಡೆ ನೋಡಿದರು. ಅಪೂರ್ವಾ ಅಳುತ್ತಿರಲಿಲ್ಲ, ಕೂಗಾಡುತ್ತಲೂ ಇರಲಿಲ್ಲ. ಗೆಳತಿಯರಿಗೆ ಏನೋ ಬರೆಯುತ್ತಿದ್ದಳು, ಬರೆದದ್ದನ್ನು ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಆದರೂ ಬಾಯಿ ತೆರೆಯಲಿಲ್ಲ. ತೆರೆಸಿದ್ದು ಅವಳ ಮುಂದಿನ ಮಾತು.

"ಇದು ಆ ಜಯಪ್ಪನದೇ ಕೆಲಸ ಇರ್ಬೇಕು ಅಪ್ಪ," ಎಂದಳು ಅವಳು. "ಅವತ್ತು ಲೈನ್ ನೋಡ್ತೀನಿ ಅಂತ ಬಂದು ಈ ಪೆಟ್ಟಿಗೆಗೂ ಕೈ ಹಾಕಿದ್ನಲ್ಲ. ಕೆಲಸ ಬರದೇ ಇದ್ದವ್ನು ಏನೇನೋ ಒತ್ತಿ ಹೋಗಿದಾನೆ. ದೂರು ಕೊಟ್ಟಿದ್ದೇ ಸರಿ ಆಯ್ತು."

ಅಜಿತಪ್ರಸಾದರು ಪೇಪರನ್ನು ಮಡಚಿ ಕೆಳಗಿಟ್ಟರು. ಒಂದು ಸಲ ಸಹಿ ಹಾಕಿ ಆಗಿದೆ, ಈಗ ಸುಮ್ಮನಿದ್ದರೆ ಎರಡನೇ ಸಲ ಹಾಕಿದ ಹಾಗೆ ಎಂದು ಅವರಿಗೆ ಅನ್ನಿಸಿತು.

"ಜಯಪ್ಪ ಅಲ್ಲ," ಎಂದರು. "ನಾನು."

ಅಪೂರ್ವಾ ತಿರುಗಿ ನೋಡಿದಳು. ಒಳಗೆ ಪಾತ್ರೆ ಒರೆಸುತ್ತಿದ್ದ ಚಂದ್ರಮತಿಯ ಕೈಯೂ ನಿಂತಿತು. ಅಜಿತಪ್ರಸಾದರು ಎದ್ದು ಬಂದು, ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ತಮ್ಮ ಅಂಗಡಿಯಲ್ಲಿ ಅತಿ ಗಟ್ಟಿಯೆಂದು ಹೊಗಳಿ ಮಾರುತ್ತಿದ್ದ ಏಳು ಲಿವರಿನ ಬೀಗದ ಹೆಸರು ಮತ್ತು ನಂಬರು. ಚೌಕ ಮಾಯವಾಗಿ ಸೆಟ್ಟಿಂಗಿನ ಪಟ್ಟಿ ತೆರೆದುಕೊಂಡಿತು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಹರಿಪ್ರಸಾದ್ ಹೇಳಿಕೊಟ್ಟದ್ದು, ಕಿಂಡಿ ಮುಚ್ಚಿದ್ದು, ಏಣಿ ಹಿಡಿದದ್ದು, ಸಹಿ.

ಅವಳು ಪರದೆಯ ಕಡೆ ತಿರುಗಿ, ಒಂದೊಂದೇ ಸಾಲು ಓದಿಕೊಂಡು ಕೆಲಸ ಶುರುಮಾಡಿದಳು. ಭದ್ರತೆಯ ಚಿಪ್ಪನ್ನು ಚಾಲೂ ಮಾಡಿದಳು, ಹಳೆಯ ಬೂಟ್ ಪದ್ಧತಿಯನ್ನು ಬಂದ್ ಮಾಡಿದಳು, ಸೆಕ್ಯೂರ್ ಬೂಟ್ ಹಾಕಿದಳು. ಕೊನೆಗೆ ಪಾಸ್‌ವರ್ಡ್ ಇದ್ದ ಜಾಗಕ್ಕೆ ಹೋಗಿ ಅದನ್ನು ತೆಗೆದುಹಾಕಿದಳು. ಕಂಪ್ಯೂಟರ್ ಆರಿ ಮತ್ತೆ ಹೊತ್ತಿತು. ಆಟ ತೆರೆಯಿತು. ಎರಡೂಕಾಲು.

"ಅಪೂರ್ವಾ, ನಂದು ತಪ್ಪಾಯ್ತು. ಕ್ಷಮಿಸು."

"ಬೆಳಿಗ್ಗೆ ಕೇಳಿದ್ರಲ್ಲ," ಎಂದಳು. ದನಿಯಲ್ಲಿ ಕೊಂಕು ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಪರದೆಯಿಂದ ಕಣ್ಣು ತೆಗೆದು, "ನಂಗೆ ಸಿಟ್ಟು ಬಂದಿದೆ ಅಪ್ಪ. ತುಂಬಾ ಬಂದಿದೆ. ಅದನ್ನ ಆಮೇಲೆ ನೋಡೋಣ. ಆದ್ರೆ ಆ ದೂರು ಬರೆದಿದ್ದು ನಾನು. ಕೆಲಸ ಬರಲ್ಲ ಅಂತ ಬರೆದಿದ್ದೆ. ನೀವು ಅದನ್ನ ಓದಿ ಸಹಿ ಹಾಕಿದ್ರಿ," ಎಂದಳು. ಹೆಡ್‌ಫೋನ್ ಕೈಗೆತ್ತಿಕೊಂಡು, "ಕಾಗದದಲ್ಲಿ ಹಾಕಿದ ಸಹಿ. ಕಾಗದದಲ್ಲೇ ವಾಪಸ್ ತಗೊಳ್ಳಿ. ನನ್ನ ಹೆಸರೂ ಬರೀರಿ," ಎಂದು ಅದನ್ನು ಕಿವಿಗೆ ಹಾಕಿಕೊಂಡಳು.

ಅಜಿತಪ್ರಸಾದರು ಅಂಗಡಿಯ ಹೆಸರಿದ್ದ ಹಾಳೆಯಲ್ಲಿ ಆರು ಸಾಲು ಬರೆದು, ಸ್ಕೂಟರ್ ಹತ್ತಿ ಅರಳಸುರಳಿಗೆ ಹೊರಟರು. ದಾರಿಯಲ್ಲಿ ಬಿಸಿಲಿತ್ತು. ಎರಡು ಸಲ ನಿಲ್ಲಿಸಿ, ಹಿಂದಕ್ಕೆ ಹೋಗಿಬಿಡಲೇ ಎಂದು ಯೋಚಿಸಿದರು. ಎರಡು ಸಲವೂ ಮುಂದಕ್ಕೇ ಹೋದರು.

ಜಯಪ್ಪ ಮನೆ ಮುಂದೆ ಮುರಿದ ಕುರ್ಚಿಗೆ ಹಳೆಯ ಟೆಲಿಫೋನ್ ವೈರಿನಿಂದ ಕಾಲು ಬಿಗಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿ, ಏಳಲಿಲ್ಲ.

"ಎಂತ ಅಜಿತಣ್ಣ, ಇಷ್ಟು ದೂರ?" ಎಂದ. "ನಿಮ್ಮ ಮೆಸೇಜು ಬೆಳಿಗ್ಗೇನೇ ಬಂತಲ್ಲ. ಪ್ರತಿ ವರ್ಷ ಬರ್ತದೆ. ಕಮಲದ ಹೂವಿಂದು."

ಅಜಿತಪ್ರಸಾದರಿಗೆ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸುವಷ್ಟು ನಾಚಿಕೆಯಾಯಿತು. ಇನ್ನೂರ ಮೂವತ್ತರಲ್ಲಿ ಜಯಪ್ಪನೂ ಒಬ್ಬನಾಗಿದ್ದ. ಕಾಗದವನ್ನು ಚಾಚಿದರು. ಜಯಪ್ಪ ಕನ್ನಡಕ ಇಲ್ಲದೆ ತನಗೆ ಕಾಣುವುದಿಲ್ಲವೆಂದ. ಹಾಗಾಗಿ ಅವರೇ ಓದಬೇಕಾಯಿತು.

"ಏಳು ವರ್ಷದ ಹಿಂದೆ ನಮ್ಮ ಮನೆಯ ಇಂಟರ್‌ನೆಟ್ ನಿಂತದ್ದು ನಾನೇ ಕಂಪ್ಯೂಟರಿನೊಳಗೆ ಅದನ್ನು ಮುಚ್ಚಿದ್ದರಿಂದ. ಮಗಳು ಓದಲೆಂದು ಮುಚ್ಚಿದ್ದೆ. ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಜಯಪ್ಪನವರ ಕೆಲಸದಲ್ಲಿ ತಪ್ಪಿರಲಿಲ್ಲ. ಇದು ಗೊತ್ತಿದ್ದೂ ನಾನು ದೂರಿಗೆ ಸಹಿ ಹಾಕಿದೆ. ದೂರು ಬರೆದ ನನ್ನ ಮಗಳು ಅಪೂರ್ವಾಳೂ, ನಾನೂ ಅವರ ಕ್ಷಮೆ ಕೇಳುತ್ತೇವೆ."

ಜಯಪ್ಪನ ಕೈಯಲ್ಲಿದ್ದ ಕಟ್ಟಿಂಗ್ ಪ್ಲೇಯರ್ ಅಲ್ಲೇ ನಿಂತಿತು. ಬೈಯುತ್ತಾನೆ ಎಂದು ಅಜಿತಪ್ರಸಾದರು ಕಾದರು. ಬೈದರೆ ಒಳ್ಳೆಯದಿತ್ತು. ಅವರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮಗಳ ಮೆಸೇಜು: "ಗೆದ್ವಿ. ಕಾಗದ ಕೊಟ್ರಾ?" ಅದನ್ನು ಹಾಗೇ ಜೇಬಿಗೆ ಹಾಕಿಕೊಂಡರು.

"ಮೂರನೇ ಸಾಲು ಇನ್ನೊಂದ್ಸಲ ಓದಿ," ಎಂದ ಜಯಪ್ಪ.

"ಲೈನಿನಲ್ಲಿ ಯಾವ ದೋಷವೂ ಇರಲಿಲ್ಲ."

"ಜಾಯಿಂಟು?"

"ಜಾಯಿಂಟೂ ಸರಿ ಇತ್ತು ಜಯಪ್ಪ."

ಜಯಪ್ಪ ಕುರ್ಚಿಯನ್ನು ಪಕ್ಕಕ್ಕಿಟ್ಟ. ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡ.

"ಮೂವತ್ನಾಲ್ಕು ವರ್ಷ ಸರ್ವೀಸಿನಲ್ಲಿ ನಂಗೆ ಸರಿಮಾಡಕ್ಕಾಗದೆ ಇದ್ದಿದ್ದು ಅದೊಂದೇ ಲೈನು," ಎಂದ. "ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಸಾಗರದ ಬಸ್ಸಲ್ಲಿ ಕೂತು ದಿನಾ ಯೋಚ್ನೆ ಮಾಡ್ತಿದ್ದೆ. ಕೈ ಹೋಯ್ತು ನಂದು, ವಯಸ್ಸಾಯ್ತು ಅಂದ್ಕೊಂಡೆ. ಆಮೇಲೆ ಯಾವ ಜಾಯಿಂಟ್ ಕಟ್ಟಿದ್ರೂ ನಂಬಿಕೆ ಬರ್ಲಿಲ್ಲ. ಎರಡೆರಡು ಸಲ ಬಿಚ್ಚಿ ನೋಡ್ತಿದ್ದೆ."

ಅಜಿತಪ್ರಸಾದರ ಕಣ್ಣು ತುಂಬಿತು. ಕ್ಷಮಿಸು ಎನ್ನಲು ಬಾಯಿ ತೆರೆದರು. ಆದರೆ ಜಯಪ್ಪ ಅವರ ಕಡೆ ನೋಡುತ್ತಲೇ ಇರಲಿಲ್ಲ. ಕಾಗದವನ್ನು ಇಸಿದುಕೊಂಡು, ಮನೆಯ ಬಾಗಿಲಿನ ಕಡೆ ತಿರುಗಿ ಹೆಂಡತಿಯನ್ನು ಕರೆದ.

"ಕೆರಿಯಮ್ಮ, ಇಲ್ಲಿ ಬಾ. ಕನ್ನಡಕ ತಗೊಂಡು ಬಾ. ಆ ರಿಪ್ಪನ್‌ಪೇಟೆ ಜಾಯಿಂಟು ಸರಿ ಇತ್ತಂತೆ ಕಣೆ."