ಸಾಕು ಅನ್ನೋನು

ಕೆಂಚಣ್ಣನ ತುಂಬುತೋಳಿನ ಅಂಗಿ ಬಿಚ್ಚಲು ಬರಲಿಲ್ಲ; ಹೆಣದ ತೋಳುಗಳು ಆಗಲೇ ಸೆಟೆದುಕೊಂಡಿದ್ದವು. ತಂಗಿ ಕೊಟ್ರಮ್ಮ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದು ಕೊರಳಿನಿಂದ ಕೆಳಕ್ಕೆ ಸೀಳಿದಳು. ಅಂಗಳದಲ್ಲಿದ್ದ ಜನ ಹಿಂದೆ ಸರಿದರು.

ಎದೆ, ಹೊಟ್ಟೆ, ಪಕ್ಕೆ, ಎಲ್ಲೆಲ್ಲೂ ಗಂಟು. ಕೆಲವು ಅವರೆಕಾಳಿನಷ್ಟು, ಕೆಲವು ನಿಂಬೆಹಣ್ಣಿನಷ್ಟು. ತೊಡೆಯ ಗಂಟೊಂದು ಕ್ಯಾನ್ಸರಾಗಿ ಅವನನ್ನು ತಿಂದು ಮುಗಿಸಿತ್ತು. ಭರಮಸಾಗರದವರು ಇಷ್ಟು ಕಾಲವೂ ಅವನ ಕತ್ತಿನ ಮೇಲಿನ ಒಂದೆರಡನ್ನು ಮಾತ್ರ ಕಂಡಿದ್ದರು.

"ಹಾವು ಗೀವು ಹೊಡೆದಿದ್ನೇನಪ್ಪ?" ಅಂದ ಪಕ್ಕದ ಮನೆಯ ನಾಗಭೂಷಣ.

"ಹಾವು ಹೊಡೆದೋರಿಗೆಲ್ಲ ಹಿಂಗಾಗಂಗಿದ್ರೆ ನಿಮ್ಮಪ್ಪ ಜೋಳದ ತೆನೆ ಆಗಿರ್ಬೇಕಿತ್ತು. ಬಾಯ್ಮುಚ್ಕಂಡು ನೀರು ತಗಂಬಾ," ಅಂದಳು ಕೊಟ್ರಮ್ಮ. ಆಮೇಲೆ ಅಣ್ಣನ ಮಗನ ಕಡೆ ತಿರುಗಿದಳು. "ಲೇ ಮಾರುತೇಶ, ಯಾಕೆ ಹಂಗೇ ನಿಂತೆ? ಅಂಗಿ ಬಿಚ್ಚು. ಮೊದ್ಲ ಕೊಡ ಮಗಂದು."

ಮಾರುತೇಶನ ಬೆರಳು ಗುಂಡಿಯ ಮೇಲೇ ಉಳಿಯಿತು. ಅವನು ಹಿರಿಯೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವನು. ಹೊಸ್ತಿಲಲ್ಲಿ ಹೆಂಡತಿ ಸುಮಾ ನಿಂತಿದ್ದಳು. ಬಸುರಿ ಹೆಣ ನೋಡಬಾರದೆಂದು ಒಳಗೆ ಕೂರಿಸಿದ್ದರೂ ಎದ್ದು ಬಂದಿದ್ದಳು. ಗಂಡನ ಮೈಮೇಲಿನ ಕಾಫಿ ಬಣ್ಣದ ಕಲೆಗಳು ಅವಳಿಗೆ ಹೊಸವಲ್ಲ. ಹುಟ್ಟು ಮಚ್ಚೆ ಎಂದಿದ್ದ. ಅದು ಸುಳ್ಳೂ ಅಲ್ಲ. ಮಾವನ ಬರಿಮೈಯನ್ನು ಮಾತ್ರ ಅವಳು ನೋಡಿರಲಿಲ್ಲ. ಅಂಥದೇ ಕಲೆಗಳು ಅಲ್ಲೂ ಇದ್ದವು, ಗಂಟುಗಳ ನಡುವೆ.

*

ಮಾರುತೇಶನ ಮದುವೆ ಗೊತ್ತಾದ ಹೊಸತರಲ್ಲಿ ಅಪ್ಪ ಮಗ ದಾವಣಗೆರೆಯ ಡಾಕ್ಟರಿಗೆ ತೋರಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು.

"ಅವ್ರು ಹೇಳಿದ್ದು ತಿಳೀಲಿಲ್ಲ. ನೀನು ಹೇಳು," ಅಂದ ಕೆಂಚಣ್ಣ.

"ಬೆಳಿ ಅಂತ ಸುದ್ದಿ ಬಂದ್ರೆ ಜೀವಕೋಶ ಬೆಳೀತೈತೆ ಅಪ್ಪ. ಆ ಸುದ್ದೀನ ನಿಲ್ಸಾಕೆ ಒಂದು ಪ್ರೋಟೀನು ಐತೆ. ಅದನ್ನ ಮಾಡೋ ಜೀನು ಜೋಡಿ ಇರ್ತವೆ. ನಮ್ಗೆ ಹುಟ್ಟುತ್ಲೇ ಒಂದು ಕೆಟ್ಟೈತೆ. ಇನ್ನೊಂದೂ ಕೆಟ್ಟ ಕಡೆ ಸುದ್ದಿ ನಿಲ್ಲಲ್ಲ, ಗಂಟು ಏಳ್ತೈತೆ."

"ಅಂದ್ರೆ ಒಳಗೆ ಸಾಕು ಅನ್ನೋನಿಲ್ಲ."

"ಹೂಂ."

"ನಿಮ್ಮವ್ವ ಮುದ್ದೆ ಇಕ್ಕೋವಾಗ್ಲೂ ಹಂಗೇ ಇತ್ತು ಬಿಡು," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ನಮ್ಗೆ ಅಂದೆ. ನಿಂಗೂನಾ?"

"ಕಲೆ ಅವೆ. ಗಂಟು ಇನ್ನೂ ಎದ್ದಿಲ್ಲ."

"ಹುಟ್ಟೋ ಮಕ್ಳಿಗೆ?"

"ಅರ್ಧಕ್ಕರ್ಧ. ಬಂದ್ರೂ ಬಂತು, ಇಲ್ದಿದ್ರೆ ಇಲ್ಲ."

ಕೆಂಚಣ್ಣ ಊರ ಕೆರೆಯ ಏರಿ ಕಾಣುವವರೆಗೂ ಕಿಟಕಿಯಾಚೆ ನೋಡುತ್ತಿದ್ದ. "ಟಗರು ಮಾರೋವಾಗ ಬಾಯಿ ಅಗಲಿಸಿ ಹಲ್ಲು ತೋರಿಸ್ತೀವಿ ಕಣೋ. ಆ ಹುಡುಗೀಗೆ ಹೇಳ್ಬಿಡು. ನಿಮ್ಮವ್ವಂಗೆ ಹೇಳಾಕೆ ನಂಗೇ ಗೊತ್ತಿರ್ಲಿಲ್ಲ. ನಿಂಗೆ ಗೊತ್ತೈತೆ."

"ಹೇಳ್ತೀನಿ," ಎಂದಿದ್ದ ಮಾರುತೇಶ.

*

ಮಾರುತೇಶ ಅಂಗಿ ಬಿಚ್ಚಿ ಕೊಡ ಎತ್ತಿದ. ಅಪ್ಪನ ಎದೆಯ ಮೇಲೆ ನೀರು ನೇರ ಹರಿಯಲಿಲ್ಲ. ಗಂಟುಗಳನ್ನು ಸುತ್ತಿ ಸುತ್ತಿ ಇಳಿಯಿತು.

"ಮೈಕಟ್ಟು ನೋಡು, ಥೇಟ್ ಅಪ್ಪನ ಅಚ್ಚು," ಅಂದ ನಾಗಭೂಷಣ, ಒಳ್ಳೆಯ ಮಾತೆಂದೇ.

ಸುಮಾ ಮೆಟ್ಟಿಲಿಳಿದಳು.

"ಬ್ಯಾಡ ಕಣವ್ವ, ಹತ್ರ ಬರಬ್ಯಾಡ," ಎಂದು ಕೊಟ್ರಮ್ಮ ಕೈ ಅಡ್ಡ ಹಿಡಿದಳು. ಆ ಕೈ ಸರಿಸಿ ಸುಮಾ ಗಂಡನ ಬೆನ್ನ ಹಿಂದೆ ಬಂದು ನಿಂತಳು.

"ನಿಮ್ಮ ಮೈಮೇಲಿರೋದೂ ಇದೇನಾ?" ಪಿಸುಮಾತಿನಲ್ಲಿ ಕೇಳಿದಳು.

"ಹೂಂ."

"ನಿಮ್ಗೆ ಗೊತ್ತಿತ್ತಾ?"

ಅವನು ಇನ್ನೊಂದು ಕೊಡ ತುಂಬಿಕೊಂಡ. "ಗೊತ್ತಿತ್ತು."

"ಮಗೂಗೆ?"

"ಮಣ್ಣು ಮುಗೀಲಿ. ಮನೇಲಿ ಹೇಳ್ತೀನಿ."

"ಪಾಠ ಮಾಡೋರು ನೀವು. ಈಗ್ಲೇ ಹೇಳ್ರಿ."

"ಅರ್ಧಕ್ಕರ್ಧ."

ಅವಳ ಬೆರಳು ಅವನ ಒದ್ದೆ ಬೆನ್ನನ್ನು ಮುಟ್ಟಿತು. ಒಂದು ಕಲೆಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆಯಿತು. ಹೆಗಲಮೂಳೆಯ ಕೆಳಗೆ, ಅವನ ಕಣ್ಣಿಗೂ ಕೈಗೂ ಎಟುಕದ ಒಂದು ಕಡೆ, ನಿಂತಿತು. ಮೆಲ್ಲಗೆ ಒತ್ತಿತು. ಅಲ್ಲಿ ಮೆತ್ತಗಿನದೇನೋ ಚರ್ಮದೊಳಕ್ಕೆ ಇಳಿಯಿತು. ಅವಳು ಬೆರಳು ತೆಗೆದಳು. ಅದು ಮತ್ತೆ ಎದ್ದು ಬಂತು.